ಒಂದನೇ ತರಗತಿಗೆ ಯಾವ ಮಾಧ್ಯಮ? ಕನ್ನಡ, ಇಂಗ್ಲಿಷ್, ದ್ವಿಭಾಷಾ ವಿಭಾಗ: ಅಧ್ಯಯನಗಳನ್ನು ಮುಂದಿಟ್ಟುಕೊಂಡು ಒಂದು ಹೋಲಿಕೆ

ಮೇ ತಿಂಗಳು ಬಂತೆಂದರೆ ಆರು ವರ್ಷದ ಮಗುವಿರುವ ಮನೆಗಳಲ್ಲಿ ಮಾತೆಲ್ಲ ಒಂದೇ ವಿಷಯದ ಸುತ್ತ ತಿರುಗುತ್ತದೆ: ಮಗುವನ್ನು ಯಾವ ಮಾಧ್ಯಮಕ್ಕೆ ಸೇರಿಸುವುದು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಅಥವಾ ಕನ್ನಡವೇ ಬೋಧನಾ ಮಾಧ್ಯಮವಾಗಬೇಕೆಂದು ಕರ್ನಾಟಕ ಸರ್ಕಾರ 1994ರಲ್ಲಿ ಆದೇಶ ಹೊರಡಿಸಿತ್ತು. ಖಾಸಗಿ ಶಾಲೆಗಳ ಮೇಲೆ ಅದನ್ನು ಹೇರುವಂತಿಲ್ಲವೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2014ರ ಮೇ 6ರಂದು ತೀರ್ಪಿತ್ತಿತು. ಅಲ್ಲಿಂದೀಚೆಗೆ ನಿರ್ಧಾರದ ಹೊರೆ ಪೂರ್ತಿಯಾಗಿ ತಂದೆತಾಯಿಗಳ ಹೆಗಲಿಗೆ ಬಿದ್ದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯೂ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮಗುವಿನ ಮನೆಮಾತಿನಲ್ಲಿಯೇ ಕಲಿಸುವುದು ಒಳ್ಳೆಯದೆಂದು ಹೇಳುತ್ತವೆಯಾದರೂ, ಎರಡೂ ‘ಸಾಧ್ಯವಾದ ಮಟ್ಟಿಗೆ’ ಎಂಬರ್ಥದ ಮಾತನ್ನು ಸೇರಿಸಿಕೊಂಡಿವೆ. ಆ ಮಾತಿನ ಸಂದಿಯಲ್ಲಿ ಯಾವ ನಿರ್ಧಾರವನ್ನು ಬೇಕಾದರೂ ನುಸುಳಿಸಬಹುದು.

ಇಂದು ಬಹುಪಾಲು ಊರುಗಳಲ್ಲಿ ಪೋಷಕರ ಮುಂದಿರುವ ದಾರಿಗಳು ಮೂರು. ಇಂಗ್ಲಿಷನ್ನು ಒಂದು ವಿಷಯವಾಗಿ ಮಾತ್ರ ಕಲಿಸುವ ಕನ್ನಡ ಮಾಧ್ಯಮದ ಶಾಲೆ ಮೊದಲನೆಯದು. ಎಲ್‌ಕೆಜಿಯಿಂದಲೇ ಎಲ್ಲವನ್ನೂ ಇಂಗ್ಲಿಷಿನಲ್ಲಿ ಕಲಿಸುವುದಾಗಿ ಹೇಳುವ, ಹೆಚ್ಚಾಗಿ ಖಾಸಗಿಯಾದ ಶಾಲೆ ಎರಡನೆಯದು. ಸರ್ಕಾರ 2019ರಿಂದೀಚೆಗೆ ತನ್ನದೇ ಶಾಲೆಗಳಲ್ಲಿ ತೆರೆಯುತ್ತಾ ಬಂದಿರುವ, ಜನರ ಬಾಯಲ್ಲಿ ‘ಇಂಗ್ಲಿಷ್ ಮೀಡಿಯಂ ಸೆಕ್ಷನ್’ ಎಂದೂ ಕಾಗದದಲ್ಲಿ ‘ದ್ವಿಭಾಷಾ’ ಎಂದೂ ಕರೆಸಿಕೊಳ್ಳುವ ವಿಭಾಗ ಮೂರನೆಯದು. ಈ ಮೂರನ್ನು ಅಭಿಮಾನದ ಅಥವಾ ಅಂತಸ್ತಿನ ಪ್ರಶ್ನೆಯಾಗಿ ನೋಡದೆ, ಮಗುವಿನ ತಲೆಯೊಳಗೆ ಏನು ನಡೆಯುತ್ತದೆ ಎಂಬ ಪ್ರಶ್ನೆಯಾಗಿ ನೋಡಲು ಹೊರಟರೆ, ಕಳೆದ ಐವತ್ತು ಅರವತ್ತು ವರ್ಷಗಳ ಅಧ್ಯಯನಗಳಿಂದ ಸಾಕಷ್ಟು ನೆರವು ಸಿಗುತ್ತದೆ.

ಮೊದಲಿಗೆ ಇಂಗ್ಲಿಷಿನ ಪರವಾದ ವಾದಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿಬಿಡಬೇಕು. ಮೆಹ್ತಾಬುಲ್ ಆಜಂ, ಏಮಿ ಚಿನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಭಾರತದಲ್ಲಿ ಇಂಗ್ಲಿಷನ್ನು ಸರಾಗವಾಗಿ ಆಡಬಲ್ಲ ಗಂಡಸರ ಗಂಟೆಯ ದುಡಿಮೆ ಇಂಗ್ಲಿಷ್ ಬಾರದವರಿಗಿಂತ ಸರಾಸರಿ ಶೇಕಡಾ 34ರಷ್ಟು ಹೆಚ್ಚು. ಅಲ್ಪಸ್ವಲ್ಪ ಬಲ್ಲವರಿಗೆ ಶೇಕಡಾ 13ರಷ್ಟು ಹೆಚ್ಚು. ವಿದ್ಯಾಭ್ಯಾಸ ಹೆಚ್ಚಿದಷ್ಟೂ ಈ ಲಾಭವೂ ಹೆಚ್ಚುತ್ತದೆ. ಹೀಗಿರುವಾಗ ಮಗಳಿಗೆ ಇಂಗ್ಲಿಷ್ ಬರಲಿ ಎಂದು ಆಸೆಪಡುವ ಕೂಲಿಕಾರ ತಾಯಿಯನ್ನು ಭಾಷಾಭಿಮಾನವಿಲ್ಲದವಳೆಂದು ಹಳಿಯುವುದು ಅನ್ಯಾಯ. ಆದರೆ ಈ ಅಂಕಿಗಳು ಬೆಲೆ ಕಟ್ಟಿರುವುದು ಬಾಯಿಗೆ ಬರುವ ಇಂಗ್ಲಿಷಿಗೆ. ಶಾಲೆಯ ಬೋರ್ಡಿನ ಮೇಲೆ ಬರೆದ ಇಂಗ್ಲಿಷಿಗಲ್ಲ. ಜೊತೆಗೆ ಓದು ಮುಂದುವರಿದವರಿಗೇ ಲಾಭ ಹೆಚ್ಚೆಂದ ಮೇಲೆ, ಇಂಗ್ಲಿಷಿನ ಹೆಸರಿನಲ್ಲಿ ಓದೇ ಕುಂಟಿದರೆ ಲೆಕ್ಕ ತಲೆಕೆಳಗಾಗುತ್ತದೆ. ಆದ್ದರಿಂದ ಇಂಗ್ಲಿಷ್ ಬೇಕೇ ಬೇಡವೇ ಎಂಬುದು ಇಲ್ಲಿ ಚರ್ಚೆಯ ವಿಷಯವೇ ಅಲ್ಲ. ಅದನ್ನು ತಲುಪಲು ಯಾವ ದಾರಿ ಹಿಡಿಯಬೇಕೆಂಬುದಷ್ಟೇ ವಿಷಯ.

ಇಂಗ್ಲಿಷ್ ಮಾಧ್ಯಮವನ್ನು ಸಮರ್ಥಿಸುವವರು, ಗೊತ್ತಿದ್ದೋ ಗೊತ್ತಿಲ್ಲದೆಯೋ, ಕೆನಡಾದಲ್ಲಿ ನಡೆದ ಒಂದು ಪ್ರಯೋಗದ ಮೇಲೆ ನಿಂತು ಮಾತನಾಡುತ್ತಾರೆ. ಮಾಂಟ್ರಿಯಲ್ ಬಳಿಯ ಸೇಂಟ್ ಲ್ಯಾಂಬರ್ಟ್ ಎಂಬಲ್ಲಿ 1965ರಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳನ್ನು ಶಿಶುವಿಹಾರದಿಂದಲೇ ಫ್ರೆಂಚ್ ತರಗತಿಯಲ್ಲಿ ಮುಳುಗಿಸಿ ಕಲಿಸಲಾಯಿತು. ಮೆಗಿಲ್ ವಿಶ್ವವಿದ್ಯಾಲಯದ ವಾಲೇಸ್ ಲ್ಯಾಂಬರ್ಟ್ ಮತ್ತು ರಿಚರ್ಡ್ ಟಕರ್ ಆ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಮಕ್ಕಳಿಗೆ ಫ್ರೆಂಚ್ ಚೆನ್ನಾಗಿ ಬಂತು, ಇಂಗ್ಲಿಷ್ ಕೆಡಲಿಲ್ಲ, ಗಣಿತವೂ ಹಿಂದೆ ಬೀಳಲಿಲ್ಲ. ಹಾಗಾದರೆ ನಮ್ಮಲ್ಲಿಯೂ ಆಗಬೇಕಲ್ಲವೇ? ಆ ತರಗತಿಯ ಒಳಗನ್ನು ನೋಡಿದರೆ ಉತ್ತರ ಸಿಗುತ್ತದೆ. ಅಲ್ಲಿನ ಶಿಕ್ಷಕರಿಗೆ ಫ್ರೆಂಚ್ ನೀರು ಕುಡಿದಷ್ಟು ಸಲೀಸು, ಮಕ್ಕಳು ಇಂಗ್ಲಿಷಿನಲ್ಲಿ ಕೇಳಿದ ಪ್ರಶ್ನೆಯೂ ಅವರಿಗೆ ಅರ್ಥವಾಗುತ್ತಿತ್ತು; ಮನೆಯಲ್ಲಿ ಓದಿದ ತಂದೆತಾಯಿ, ಪುಸ್ತಕ ಎಲ್ಲವೂ ಇದ್ದವು; ಮಕ್ಕಳ ಮನೆಮಾತು ಆ ಖಂಡದಲ್ಲಿಯೇ ಅತ್ಯಂತ ಪ್ರಬಲ ಭಾಷೆಯಾಗಿದ್ದುದರಿಂದ ಅದು ಸೊರಗುವ ಭಯವಿರಲಿಲ್ಲ. ಒಂದು ಭಾಷೆಯ ಮೇಲೆ ಇನ್ನೊಂದು ಕೂಡಿಕೊಳ್ಳುವ ಕಲಿಕೆ ಬೇರೆ, ಒಂದನ್ನು ಕಳೆದು ಇನ್ನೊಂದನ್ನು ತುಂಬುವ ಕಲಿಕೆ ಬೇರೆ ಎಂಬ ಭೇದವನ್ನು ಮುಂದಿಟ್ಟವರು ಇದೇ ಲ್ಯಾಂಬರ್ಟ್. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಮನೆಯಲ್ಲಿಯೂ ಅರ್ಧ ಇಂಗ್ಲಿಷ್ ಆಡುವ ಕುಟುಂಬದ ಮಗುವಿಗೆ ಸೇಂಟ್ ಲ್ಯಾಂಬರ್ಟಿನ ಫಲ ಸಿಗುವುದು ಸಾಧ್ಯ. ಸಿಂಧನೂರಿನ ಗದ್ದೆಯಲ್ಲಿ ದುಡಿಯುವವರ ಮಗು ಅಂಥದ್ದೇ ಫಲಕವಿರುವ ಶಾಲೆಗೆ ಹೋದರೆ ಬೋರ್ಡು ಒಂದೇ ಇದ್ದರೂ ಪ್ರಯೋಗ ಒಂದೇ ಅಲ್ಲ.

ನಮಗೆ ಹತ್ತಿರದ ಸಾಕ್ಷ್ಯ ಆಂಧ್ರಪ್ರದೇಶದ್ದು. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐದು ಜಿಲ್ಲೆಗಳ 180 ಹಳ್ಳಿಗಳು ಸೇರಿದ್ದವು. ಅರ್ಜಿ ಹಾಕಿದ ಕುಟುಂಬಗಳಲ್ಲಿ ಚೀಟಿ ಎತ್ತಿ, ಹೆಸರು ಬಂದ ಮಕ್ಕಳನ್ನು ಸರ್ಕಾರಿ ಶಾಲೆಯಿಂದ ಖಾಸಗಿ ಶಾಲೆಗೆ ಶುಲ್ಕ ಕೊಟ್ಟು ಕಳುಹಿಸಲಾಯಿತು. ಚೀಟಿ ಎತ್ತಿದ್ದರ ಮಹತ್ವವನ್ನು ಇಲ್ಲಿ ಕೊಂಚ ನಿಂತು ತಿಳಿಯಬೇಕು. ಖಾಸಗಿ ಶಾಲೆಯ ಮಕ್ಕಳು ಜಾಣರೆಂದು ನಾವು ಹೇಳುವಾಗ, ಆ ಜಾಣತನ ಶಾಲೆಯದೋ ಅಥವಾ ಅಲ್ಲಿಗೆ ಕಳುಹಿಸುವ ಶಕ್ತಿಯುಳ್ಳ ಮನೆಯದೋ ಎಂಬುದನ್ನು ಬೇರ್ಪಡಿಸುವುದಿಲ್ಲ; ಚೀಟಿ ಅದನ್ನು ಬೇರ್ಪಡಿಸುತ್ತದೆ. ನಾಲ್ಕು ವರ್ಷಗಳ ಬಳಿಕ ನೋಡಿದಾಗ ತೆಲುಗಿನಲ್ಲಾಗಲಿ ಗಣಿತದಲ್ಲಾಗಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ. ಖಾಸಗಿ ಶಾಲೆಗಳು ಇವೆರಡಕ್ಕೆ ಕಡಿಮೆ ಹೊತ್ತು ಕೊಟ್ಟು, ಸರ್ಕಾರಿ ಶಾಲೆಗಿಂತ ಬಹಳ ಕಡಿಮೆ ಖರ್ಚಿನಲ್ಲಿ ಅದೇ ಮಟ್ಟ ಮುಟ್ಟಿಸಿದ್ದವು. ಉಳಿಸಿದ ಹೊತ್ತು ಇಂಗ್ಲಿಷ್, ಹಿಂದಿ ಮೊದಲಾದ ವಿಷಯಗಳಿಗೆ ಹೋಗಿ, ಹಿಂದಿಯಲ್ಲಿ ಮಾತ್ರ ಮಕ್ಕಳು ಬಹಳ ಮುಂದಿದ್ದರು. ನಮ್ಮ ಪ್ರಶ್ನೆಗೆ ನೇರವಾಗಿ ತಾಗುವ ಅಂಶವೆಂದರೆ, ತೆಲುಗು ಮಾಧ್ಯಮದ ಖಾಸಗಿ ಶಾಲೆಗೆ ಹೋದ ಮಕ್ಕಳ ಫಲಿತಾಂಶ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗೆ ಹೋದವರಿಗಿಂತ ಮೇಲಾಗಿತ್ತು. ಮಾಧ್ಯಮವನ್ನು ನಡುವೆ ಬದಲಿಸಿದ್ದು, ಮನೆಯಲ್ಲಿ ಓದಿದವರಿಲ್ಲದ ಮಕ್ಕಳ ಕಲಿಕೆಗೆ ಅಡ್ಡಿಯಾಗಿರಬಹುದೆಂದು ಸಂಶೋಧಕರು ಎಚ್ಚರಿಕೆಯಿಂದ ಸೂಚಿಸುತ್ತಾರೆ.

ದಕ್ಷಿಣ ಆಫ್ರಿಕಾದ ಲೆಕ್ಕವೂ ಇದೇ ಪಾಠದ ಇನ್ನೊಂದು ಮುಖವನ್ನು ತೋರಿಸುತ್ತದೆ. ಸ್ಟೆಫನ್ ಟೇಲರ್ ಮತ್ತು ಮರೀಸಾ ಫಾನ್ ಫಿಂಟೆಲ್ 2016ರಲ್ಲಿ ಪ್ರಕಟಿಸಿದಂತೆ, ಸುಮ್ಮನೆ ಸರಾಸರಿ ನೋಡಿದರೆ ಮೊದಲಿನಿಂದ ಇಂಗ್ಲಿಷಿನಲ್ಲಿ ಕಲಿತ ಮಕ್ಕಳೇ ಮುಂದಿದ್ದರು. ಆದರೆ ಅದೇ ಶಾಲೆ ಮಾಧ್ಯಮ ಬದಲಿಸಿದಾಗ ಏನಾಯಿತೆಂದು ನೋಡಿದಾಗ ಚಿತ್ರ ಮಗುಚಿತು: ಮೊದಲ ಮೂರು ತರಗತಿ ಮನೆಮಾತಿನಲ್ಲಿ ಕಲಿತವರ ಇಂಗ್ಲಿಷು ನಾಲ್ಕು, ಐದು, ಆರನೇ ತರಗತಿಯಲ್ಲಿ ಉತ್ತಮವಾಗಿತ್ತು. ಇಂಗ್ಲಿಷನ್ನು ತಡವಾಗಿ ಮಾಧ್ಯಮವಾಗಿಸಿಕೊಂಡವರಿಗೇ ಇಂಗ್ಲಿಷ್ ಚೆನ್ನಾಗಿ ಬಂದದ್ದು ಮೇಲ್ನೋಟಕ್ಕೆ ವಿಚಿತ್ರವೆನಿಸುತ್ತದೆ. ಅದೇ ಲೇಖಕರು, ಶಾಲೆಯ ಗುಣಮಟ್ಟದಂಥ ಸಂಗತಿಗಳ ಮುಂದೆ ಮಾಧ್ಯಮದ ಪರಿಣಾಮ ಚಿಕ್ಕದೆಂದೂ ಒಪ್ಪುತ್ತಾರೆ. ಮಾಧ್ಯಮದ ಜಗಳದಲ್ಲಿ ಮುಳುಗಿದವರು, ನಾನೂ ಸೇರಿದಂತೆ, ಆ ವಾಕ್ಯವನ್ನು ಬೇಗ ದಾಟಿಬಿಡುತ್ತೇವೆ.

ವಿಚಿತ್ರವೆನಿಸುವ ಈ ಫಲದ ಕಾರಣ ಓದು ಹೇಗೆ ಹುಟ್ಟುತ್ತದೆ ಎಂಬಲ್ಲಿದೆ. ಫಿಲಿಪ್ ಗಾಫ್ ಮತ್ತು ವಿಲಿಯಂ ಟನ್ಮರ್ 1986ರಲ್ಲಿ ಒಂದು ಸರಳ ಸೂತ್ರ ಕೊಟ್ಟರು: ಓದಿ ಅರ್ಥಮಾಡಿಕೊಳ್ಳುವ ಶಕ್ತಿಯೆಂದರೆ, ಬರಹವನ್ನು ಶಬ್ದವಾಗಿ ಬಿಡಿಸುವ ಶಕ್ತಿಯನ್ನು ಆ ಭಾಷೆಯನ್ನು ಕೇಳಿ ತಿಳಿಯುವ ಶಕ್ತಿಯಿಂದ ಗುಣಿಸಿದಾಗ ಬರುವ ಗುಣಲಬ್ಧ. ಇದು ಕೂಡಿಸುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಎರಡರಲ್ಲಿ ಒಂದು ಸೊನ್ನೆಯಾದರೆ ಗುಣಲಬ್ಧವೂ ಸೊನ್ನೆ. ಇಂಗ್ಲಿಷ್ ಪುಟವನ್ನು ಗಡಗಡನೆ ಓದಿ, ಓದಿದ್ದೇನೆಂದು ಕೇಳಿದರೆ ಮುಖ ನೋಡುವ ಮೂರನೇ ತರಗತಿಯ ಹುಡುಗನನ್ನು ಕಂಡಿರುವವರಿಗೆ ಈ ಸೂತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡದ ಮನೆಯ ಮಗು ಶಾಲೆಗೆ ಬರುವಾಗಲೇ ಸಾವಿರಾರು ಕನ್ನಡ ಪದಗಳ ಅರ್ಥವನ್ನು ಹೊತ್ತು ತಂದಿರುತ್ತದೆ. ಗುಣಾಕಾರದ ಒಂದು ಅಂಕಿ ಆಗಲೇ ದೊಡ್ಡದಾಗಿದೆ, ಇನ್ನೊಂದನ್ನು ಬೆಳೆಸುವುದಷ್ಟೇ ಶಾಲೆಯ ಕೆಲಸ.

ಆ ಇನ್ನೊಂದು ಅಂಕಿಯೂ ಎರಡು ಲಿಪಿಗಳಲ್ಲಿ ಒಂದೇ ರೀತಿ ಬೆಳೆಯುವುದಿಲ್ಲ. ಡಂಡೀ ವಿಶ್ವವಿದ್ಯಾಲಯದ ಫಿಲಿಪ್ ಸೀಮೋರ್ ಮತ್ತು ಸಂಗಡಿಗರು 2003ರಲ್ಲಿ ಯುರೋಪಿನ 13 ಭಾಷೆಗಳ ಮಕ್ಕಳನ್ನು ಹೋಲಿಸಿದಾಗ, ಇಂಗ್ಲಿಷ್ ಓದಲು ಕಲಿಯುವ ಮಕ್ಕಳು ಉಳಿದ ಬಹುತೇಕ ಭಾಷೆಗಳವರಿಗಿಂತ ಎರಡು ಪಟ್ಟಿಗೂ ಹೆಚ್ಚು ನಿಧಾನವಾಗಿ ಮುಂದುವರಿಯುತ್ತಾರೆಂದು ತಿಳಿಯಿತು. ಆ ಮಕ್ಕಳು ಮನೆಯಲ್ಲಿ ಇಂಗ್ಲಿಷನ್ನೇ ಆಡುವವರು ಎಂಬುದನ್ನು ಮರೆಯಬಾರದು. ಅಕ್ಷರ 26 ಮಾತ್ರವಿದ್ದರೂ ಸ್ಪೆಲಿಂಗಿಗೆ ಸ್ಥಿರ ನಿಯಮವಿಲ್ಲದ ಭಾಷೆ ಅದು. ಕನ್ನಡದ ಕಷ್ಟ ಬೇರೆ ಬಗೆಯದು: ಬರೆದಂತೆ ಓದುವುದು, ಓದಿದಂತೆ ಬರೆಯುವುದು ಸರಿ, ಆದರೆ ಕಲಿಯಬೇಕಾದ ರೂಪಗಳು ಬಹಳ. ವರ್ಣಮಾಲೆಯ 49 ಅಕ್ಷರಗಳಿಗೆ ಕಾಗುಣಿತ ಸೇರಿದರೆ ನಾನೂರನ್ನು ದಾಟುತ್ತದೆ, ಒತ್ತಕ್ಷರ ಸೇರಿದರೆ ಇನ್ನಷ್ಟು. ಬೆಂಗಳೂರಿನಲ್ಲಿ ಕೆಲಸ ಮಾಡಿ ಅನಂತರ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಸೇರಿದ ಸೊನಾಲಿ ನಾಗ್ 2007ರಲ್ಲಿ ತೋರಿಸಿಕೊಟ್ಟಂತೆ, ಕನ್ನಡದ ಅಕ್ಷರಗಳ ಹಿಡಿತ ಮೊದಲೆರಡು ವರ್ಷಗಳಲ್ಲಿ ಮುಗಿಯುವ ಕೆಲಸವಲ್ಲ. ನಾಲ್ಕನೇ ತರಗತಿಯವರೆಗೂ ಅದು ನಡೆಯುತ್ತಲೇ ಇರುತ್ತದೆ. ಎರಡನೇ ತರಗತಿ ಮುಗಿಸಿದ ಮಗು ಒತ್ತಕ್ಷರದಲ್ಲಿ ತಡವರಿಸಿತೆಂದು ಗಾಬರಿಯಾಗಿ ಮಾಧ್ಯಮ ಬದಲಿಸುವ ಪೋಷಕರು ಈ ಒಂದು ಮಾತನ್ನು ತಿಳಿದಿದ್ದರೆ ಎಷ್ಟೋ ಒಳ್ಳೆಯದಿತ್ತು. ಅರ್ಧಕ್ಕೆ ಬಿಟ್ಟ ಕನ್ನಡದ ಓದು ಮತ್ತು ಮಾತಿನ ಬೆಂಬಲವಿಲ್ಲದ ಇಂಗ್ಲಿಷಿನ ಓದು ಒಟ್ಟಿಗೆ ಸೇರಿದಾಗ ಮಗು ಎರಡೂ ದಡಕ್ಕೆ ಸಲ್ಲದೆ ಉಳಿಯುತ್ತದೆ.

‘ಎಳೆಯ ವಯಸ್ಸಿನಲ್ಲಿ ಭಾಷೆ ಬೇಗ ಹತ್ತುತ್ತದೆ, ಆದ್ದರಿಂದ ಎಲ್‌ಕೆಜಿಯಿಂದಲೇ ಇಂಗ್ಲಿಷ್’ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಸುತ್ತಲೂ ಆ ಭಾಷೆಯನ್ನೇ ಆಡುವ ಊರಿಗೆ ವಲಸೆ ಹೋದ ಮಗುವಿನ ವಿಷಯದಲ್ಲಿ ಅದು ಬಹುಮಟ್ಟಿಗೆ ನಿಜ. ವಾರಕ್ಕೆ ಕೆಲವು ಗಂಟೆ, ತರಗತಿಯೊಳಗೆ ಮಾತ್ರ ಕಿವಿಗೆ ಬೀಳುವ ಭಾಷೆಯ ವಿಷಯದಲ್ಲಿ ನಿಜವಲ್ಲ. ಬಾರ್ಸಿಲೋನಾ ವಿಶ್ವವಿದ್ಯಾಲಯದ ಕಾರ್ಮೆನ್ ಮುನ್ಯೋಸ್ ಅವರ ತಂಡ 8ನೇ ವಯಸ್ಸಿನಲ್ಲಿ ಇಂಗ್ಲಿಷ್ ಆರಂಭಿಸಿದವರನ್ನೂ 11ರಲ್ಲಿ ಆರಂಭಿಸಿದವರನ್ನೂ ಪಾಠದ ಗಂಟೆಗಳು ಸಮನಾದ ಹಂತಗಳಲ್ಲಿ ಹೋಲಿಸಿದಾಗ ತಡವಾಗಿ ಆರಂಭಿಸಿದವರೇ ಮುಂದಿದ್ದರು. ಬೆಳೆದ ಮಗುವಿಗೆ ಒಂದು ಭಾಷೆಯ ಓದುಬರಹ ಗಟ್ಟಿಯಾಗಿರುತ್ತದೆ, ವ್ಯಾಕರಣವನ್ನು ಗಮನಿಸುವ ಶಕ್ತಿ ಬಂದಿರುತ್ತದೆ. ಟೊರೊಂಟೊದ ಜಿಮ್ ಕಮಿನ್ಸ್ 1979ರಿಂದ ಹೇಳುತ್ತಾ ಬಂದದ್ದೂ ಇದನ್ನೇ: ಒಂದು ಭಾಷೆಯಲ್ಲಿ ಓದಿ ತಿಳಿಯುವುದನ್ನು ಕಲಿತವರು ಆ ಶಕ್ತಿಯನ್ನು ಇನ್ನೊಂದಕ್ಕೆ ಹೊತ್ತೊಯ್ಯುತ್ತಾರೆ. ಆಟದ ಬಯಲಿನ ಮಾತುಕತೆ ಎರಡು ವರ್ಷಗಳಲ್ಲಿ ಬಂದರೂ ಪಠ್ಯಪುಸ್ತಕದ ಭಾಷೆ ವಶವಾಗಲು ಐದರಿಂದ ಏಳು ವರ್ಷ ಬೇಕೆಂದು ಅವರು ಕಂಡುಕೊಂಡದ್ದು ಕೆನಡಾದ ವಲಸಿಗ ಮಕ್ಕಳಲ್ಲಿ, ಅಂದರೆ ಬೀದಿಯಲ್ಲಿಯೂ ಇಂಗ್ಲಿಷ್ ಕೇಳುವ ಮಕ್ಕಳಲ್ಲಿ.

ಇಷ್ಟನ್ನು ಓದಿ ಕನ್ನಡ ಮಾಧ್ಯಮವೇ ಸರಿಯೆಂದು ಕಣ್ಣು ಮುಚ್ಚಿ ಹೇಳಿಬಿಡಬಹುದೇ? ಹೇಳಲಾಗದು. ಕ್ಯಾಮರೂನಿನಲ್ಲಿ ಕೋಮ್ ಭಾಷೆಯಲ್ಲಿ ನಡೆದ ಪ್ರಯೋಗ ಒಂದು ಕಹಿ ಸತ್ಯವನ್ನು ಮುಂದಿಟ್ಟಿದೆ. ಹನ್ನೆರಡು ಶಾಲೆಗಳಲ್ಲಿ ಮೊದಲ ಮೂರು ತರಗತಿ ಕೋಮ್‌ನಲ್ಲಿ, ಇನ್ನು ಹನ್ನೆರಡರಲ್ಲಿ ಎಂದಿನಂತೆ ಇಂಗ್ಲಿಷಿನಲ್ಲಿ ಪಾಠ ನಡೆಯಿತು. ಮನೆಮಾತಿನ ಮಕ್ಕಳು ಆರಂಭದ ತರಗತಿಗಳಲ್ಲಿ ಬಹಳ ಮುಂದಿದ್ದರು. ನಾಲ್ಕನೇ ತರಗತಿಯಲ್ಲಿ ಒಮ್ಮೆಲೇ ಇಂಗ್ಲಿಷಿಗೆ ದಾಟಿಸಿದ ಮೇಲೆ, ಐದನೆಯ ತರಗತಿಯ ಹೊತ್ತಿಗೆ ಆ ಮುನ್ನಡೆಯ ಬಹುಭಾಗ ಕರಗಿತ್ತು. ಬುನಾದಿ ಹಾಕಿದ್ದರೂ ದಾಟುವ ಸೇತುವೆಯನ್ನು ಯಾರೂ ಕಟ್ಟಿರಲಿಲ್ಲ. ನಮ್ಮಲ್ಲಿ ಈ ಕಂದಕ ಎಂಟನೇ ತರಗತಿಯಲ್ಲೋ, ವಿಜ್ಞಾನ ಆರಿಸಿಕೊಂಡವರಿಗೆ ಪಿಯುಸಿಯಲ್ಲೋ ಬಾಯಿ ತೆರೆದು ಕೂತಿರುತ್ತದೆ. ‘ದ್ಯುತಿಸಂಶ್ಲೇಷಣೆ’ಯನ್ನು ಚೆನ್ನಾಗಿ ತಿಳಿದಿದ್ದ ಹುಡುಗಿ ‘ಫೋಟೋಸಿಂಥೆಸಿಸ್’ ಎದುರು ದಡ್ಡಿಯಂತೆ ಕೂರಬೇಕಾಗುತ್ತದೆ. ಆದ್ದರಿಂದ ಕನ್ನಡ ಮಾಧ್ಯಮವನ್ನು ಆರಿಸುವವರು ಅಲ್ಲಿ ಇಂಗ್ಲಿಷನ್ನು ಒಂದು ವಿಷಯವಾಗಿ ಹೇಗೆ ಕಲಿಸುತ್ತಾರೆ ಎಂಬುದನ್ನೇ ಮೊದಲು ವಿಚಾರಿಸಬೇಕು. ಎ ಬಿ ಸಿ ಡಿ ತಿದ್ದಿಸಿ, ಪಾಠದ ಸಾರಾಂಶವನ್ನು ಕನ್ನಡದಲ್ಲಿ ಹೇಳಿ, ಪ್ರಶ್ನೋತ್ತರ ಬರೆಸುವುದಷ್ಟೇ ಇಂಗ್ಲಿಷ್ ಪಿರಿಯಡ್ ಆಗಿದ್ದರೆ ಆ ಶಾಲೆ ಮೇಲಿನ ಅಧ್ಯಯನಗಳ ಫಲವನ್ನು ಕೊಡಲಾರದು.

ಸರ್ಕಾರಿ ಕನ್ನಡ ಶಾಲೆಗಳಲ್ಲಿ ಇನ್ನೊಂದು ಸಂಗತಿಯೂ ತೂಕಕ್ಕೆ ಬರಬೇಕು. ಎಚ್.ಡಿ. ಕೋಟೆಯಲ್ಲಿ 1995ರ ಸುಮಾರಿಗೆ ಆಂಧ್ರಪ್ರದೇಶದ ಋಷಿವ್ಯಾಲಿ ಶಾಲೆಯ ಮಾದರಿಯಿಂದ ಸ್ಫೂರ್ತಿ ಪಡೆದು ಆರಂಭವಾಗಿ, ಅನಂತರ ರಾಜ್ಯಕ್ಕೆಲ್ಲ ಹಬ್ಬಿದ ನಲಿಕಲಿಯಲ್ಲಿ ಸಣ್ಣ ತರಗತಿಗಳ ಮಕ್ಕಳು ಒಟ್ಟಿಗೆ ಕೂತು ಕಲಿಕಾ ಏಣಿಯ ಮೆಟ್ಟಿಲುಗಳನ್ನು ತಮ್ಮ ತಮ್ಮ ವೇಗದಲ್ಲಿ ಹತ್ತುತ್ತಾರೆ. ಕಾರ್ಡುಗಳೂ ಗುಂಪುಗಳೂ ಸರಿಯಾಗಿ ನಡೆದರೆ ಇದು ಸೊಗಸಾದ ಪದ್ಧತಿ. ಒಬ್ಬರೇ ಶಿಕ್ಷಕರಿದ್ದು, ಅವರೇ ಬಿಸಿಯೂಟದ ಲೆಕ್ಕವನ್ನೂ ಬರೆಯಬೇಕಾದ ಶಾಲೆಯಲ್ಲಿ ಏಣಿ ಗೋಡೆಯ ಮೇಲೆಯೇ ಉಳಿಯುತ್ತದೆ. ಮಾಧ್ಯಮದ ಹೆಸರಿನಲ್ಲಿ ಆ ಕೊರತೆಯನ್ನು ಮುಚ್ಚಿಕೊಳ್ಳುವುದು ಕನ್ನಡಕ್ಕೇ ಮಾಡುವ ಅಪಚಾರ.

‘ಮಾತೃಭಾಷಾ ಮಾಧ್ಯಮ’ ಮತ್ತು ‘ಕನ್ನಡ ಮಾಧ್ಯಮ’ ಎರಡೂ ಒಂದೇ ಎಂಬಂತೆ ಬರೆಯುತ್ತಾ ಬಂದೆ. ಕರ್ನಾಟಕದ ಬಹಳಷ್ಟು ಮಕ್ಕಳಿಗೆ ಅದು ಒಂದಲ್ಲ. ತಾಂಡಾದಲ್ಲಿ ಲಂಬಾಣಿ ಆಡುವ ಮಗುವಿಗೆ, ಬ್ಯಾರಿ, ತುಳು, ಕೊಂಕಣಿ, ದಖನಿ ಉರ್ದು ಆಡುವ ಮಗುವಿಗೆ ಕನ್ನಡವೂ ಕಲಿಯಬೇಕಾದ ಭಾಷೆಯೇ. ಆದರೂ ಅಂಗಡಿಯಲ್ಲಿ, ಬಸ್ಸಿನಲ್ಲಿ, ಆಟದಲ್ಲಿ ಕೇಳುವ ಭಾಷೆಯಾದ್ದರಿಂದ ಕೇಳಿ ತಿಳಿಯುವ ಶಕ್ತಿಯೆಂಬ ಗುಣಾಕಾರದ ಆ ಅಂಕಿ ಇಂಗ್ಲಿಷಿಗಿಂತ ದೊಡ್ಡದಿರುತ್ತದೆ. ಇಂಥ ಮನೆಯವರು ಶಾಲೆಯಲ್ಲಿ ಮಗುವಿನ ಮಾತು ಬಲ್ಲ ಒಬ್ಬರಾದರೂ ಶಿಕ್ಷಕರು ಇದ್ದಾರೆಯೇ ಎಂದು ವಿಚಾರಿಸುವುದು ಲೇಸು. ಕಾಸರಗೋಡಿನ ಕನ್ನಡ ಮಕ್ಕಳ ಪಾಲಕರಿಗೆ ಈ ಪ್ರಶ್ನೆಯ ಬಿಸಿ ಹೊಸದಲ್ಲ. ಕನ್ನಡ ಮಾಧ್ಯಮದ ಶಾಲೆಗೆ ಮಲಯಾಳ ಮಾತ್ರ ಬಲ್ಲ ಶಿಕ್ಷಕರು ನೇಮಕವಾದಾಗಲೆಲ್ಲ ಅಲ್ಲಿ ಪ್ರತಿಭಟನೆಗಳು ನಡೆದಿವೆ.

ದ್ವಿಭಾಷಾ ವಿಭಾಗ ಕಾಗದದ ಮೇಲೆ ಎಲ್ಲಕ್ಕಿಂತ ಸಮಂಜಸವಾಗಿ ಕಾಣುತ್ತದೆ. ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ವೇಯ್ನ್ ಥಾಮಸ್ ಮತ್ತು ವರ್ಜೀನಿಯಾ ಕಾಲಿಯರ್ ಅಮೆರಿಕದ ಶಾಲೆಗಳ ದೀರ್ಘಕಾಲದ ದಾಖಲೆಗಳನ್ನು ನೋಡಿ, ಎರಡೂ ಭಾಷೆಗಳಲ್ಲಿ ವರ್ಷಗಟ್ಟಲೆ ಕಲಿಸುವ ಕಾರ್ಯಕ್ರಮಗಳೇ ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಹೆಚ್ಚು ಫಲ ಕೊಟ್ಟವೆಂದರು. ಆದರೆ ಅಂಥ ಶಾಲೆಗಳಲ್ಲಿ ಯಾವ ಹೊತ್ತಿಗೆ ಯಾವ ಭಾಷೆ ಎಂಬುದು ಮೊದಲೇ ನಿಗದಿಯಾಗಿರುತ್ತದೆ: ಕೆಲವೆಡೆ ಒಂದನೇ ತರಗತಿಯಲ್ಲಿ ಶೇಕಡಾ 90ರಷ್ಟು ಮನೆಮಾತು, ಮುಂದೆ ಹಂತಹಂತವಾಗಿ ಅರ್ಧ; ಕೆಲವೆಡೆ ಮೊದಲಿನಿಂದಲೇ ಅರ್ಧರ್ಧ. ಎರಡೂ ಭಾಷೆಯಲ್ಲಿ ಪಳಗಿದ ಶಿಕ್ಷಕರು ಅಲ್ಲಿರುತ್ತಾರೆ. ನಮ್ಮಲ್ಲಿ ಕನ್ನಡ ಮಾಧ್ಯಮದಲ್ಲಿ ಪಾಠ ಮಾಡುತ್ತಿದ್ದ ಶಿಕ್ಷಕರಿಗೇ ಅಲ್ಪಾವಧಿಯ ತರಬೇತಿ ಕೊಟ್ಟು ಈ ವಿಭಾಗಗಳನ್ನು ಒಪ್ಪಿಸಿದ ಉದಾಹರಣೆಗಳಿವೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಇಯಾಂತಿ ಸಿಂಪ್ಲಿ ಅವರ ನೇತೃತ್ವದಲ್ಲಿ ದೆಹಲಿ, ಹೈದರಾಬಾದ್, ಪಟ್ನಾಗಳಲ್ಲಿ ನಡೆದ ಅಧ್ಯಯನ ತೋರಿಸಿದಂತೆ, ಇಂಗ್ಲಿಷ್ ಮಾಧ್ಯಮವೆಂದು ಹೇಳಿಕೊಳ್ಳುವ ತರಗತಿಗಳಲ್ಲಿಯೂ ವಿವರಣೆ ಬಹುಮಟ್ಟಿಗೆ ಸ್ಥಳೀಯ ಭಾಷೆಯಲ್ಲೇ ನಡೆಯುತ್ತದೆ. ಅಂದರೆ ನಮ್ಮ ಬಹುಪಾಲು ಇಂಗ್ಲಿಷ್ ಮಾಧ್ಯಮವೂ ಗುಟ್ಟಾಗಿ ದ್ವಿಭಾಷೆಯೇ. ಭಾಷೆ ಬೆರೆಸಿ ವಿವರಿಸುವುದು ತಪ್ಪಲ್ಲ, ಮಗುವಿಗೆ ಅದು ಆಸರೆ. ವಿವರಣೆ ಕನ್ನಡದಲ್ಲಿ, ಬರವಣಿಗೆ ಮತ್ತು ಪರೀಕ್ಷೆ ಇಂಗ್ಲಿಷಿನಲ್ಲಿ ಎಂದಾದಾಗ, ತಿಳಿದದ್ದನ್ನು ಬರೆಯಲಾಗದ ಮಗು ಕಂಠಪಾಠಕ್ಕೆ ಬೀಳುವುದೇ ತೊಂದರೆ. ಆಂಧ್ರಪ್ರದೇಶ ಮತ್ತು ತೆಲಂಗಾಣ ಸರ್ಕಾರಗಳು ಒಂದು ಪುಟದಲ್ಲಿ ತೆಲುಗು, ಎದುರು ಪುಟದಲ್ಲಿ ಇಂಗ್ಲಿಷ್ ಇರುವ ಪಠ್ಯಪುಸ್ತಕಗಳನ್ನು ಹೊರತಂದದ್ದು ಈ ತೊಡಕನ್ನು ಬಿಡಿಸುವ ಒಂದು ಪ್ರಯತ್ನ.

ಹಾಗಾದರೆ ನಿರ್ದಿಷ್ಟವಾಗಿ ಹೇಳುವುದೇನು? ಮನೆಯಲ್ಲಿ ದಿನವೂ ಇಂಗ್ಲಿಷ್ ಕೇಳಿಸುವ, ಓದಿಸಬಲ್ಲವರಿರುವ ಮಗು ಇಂಗ್ಲಿಷ್ ಮಾಧ್ಯಮದಲ್ಲಿ ತೇಲಬಲ್ಲದು. ಅಲ್ಲಿ ಕಾಪಾಡಿಕೊಳ್ಳಬೇಕಾದದ್ದು ಕನ್ನಡದ ಓದನ್ನು. ತಂದೆತಾಯಿಯರಲ್ಲಿ ಯಾರೂ ಇಂಗ್ಲಿಷ್ ಓದಲಾರದ ಮನೆಯಾದರೆ, ಶಿಕ್ಷಕರು ಸಾಕಷ್ಟಿರುವ ಕನ್ನಡ ಶಾಲೆಯಲ್ಲಿ ಐದನೆಯವರೆಗೆ ಓದಿಸಿ, ಉಳಿಯುವ ವ್ಯಾನಿನ ಬಾಡಿಗೆ ಮತ್ತು ಡೊನೇಷನ್ನಿನ ಒಂದು ಪಾಲನ್ನು ಇಂಗ್ಲಿಷ್ ಕಥೆ ಪುಸ್ತಕಗಳಿಗೂ ಮಾತನಾಡಿಸುವ ಒಳ್ಳೆಯ ಟ್ಯೂಷನ್ನಿಗೂ ಹಾಕುವುದು ಹೆಚ್ಚು ಲಾಭದ ದಾರಿಯೆಂಬುದು ನನ್ನ ಅಭಿಪ್ರಾಯ. ಊರಿನ ಕನ್ನಡ ಶಾಲೆಯಲ್ಲಿ ಶಿಕ್ಷಕರೇ ಇಲ್ಲದಿದ್ದರೆ, ಅಥವಾ ಓರಗೆಯ ಮಕ್ಕಳೆಲ್ಲ ಬಿಟ್ಟುಹೋಗಿ ನಾಲ್ಕೇ ಮಕ್ಕಳು ಉಳಿದಿದ್ದರೆ, ಸಿದ್ಧಾಂತಕ್ಕಾಗಿ ಮಗುವನ್ನು ಅಲ್ಲಿ ಕೂರಿಸಬೇಕಾಗಿಲ್ಲ. ಪಕ್ಕದೂರಿನ ದ್ವಿಭಾಷಾ ವಿಭಾಗ ಅದಕ್ಕಿಂತ ಮೇಲು. ಒಮ್ಮೆ ಸೇರಿಸಿದ ಮೇಲೆ ಎರಡನೇ ತರಗತಿಗೊಮ್ಮೆ, ನಾಲ್ಕನೆಯದಕ್ಕೊಮ್ಮೆ ಟಿಸಿ ತೆಗೆದು ಅಲೆದಾಡಿಸುವುದು ಎಲ್ಲಕ್ಕಿಂತ ಕೆಟ್ಟದ್ದು.

ಸೇರಿಸುವ ಮುನ್ನ ಶಾಲೆಗೆ ಹೋಗುವುದಿದ್ದರೆ ಕಚೇರಿಯಲ್ಲಿ ಕೂತು ಪ್ರಾಸ್ಪೆಕ್ಟಸ್ ನೋಡುವುದಕ್ಕಿಂತ, ಮುಖ್ಯ ಶಿಕ್ಷಕರ ಅನುಮತಿ ಕೇಳಿ ಮೂರನೇ ತರಗತಿಯ ಒಂದು ಪರಿಸರ ಅಧ್ಯಯನದ ಪಾಠಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ಮಕ್ಕಳು ತಾವಾಗಿ ಪ್ರಶ್ನೆ ಕೇಳುತ್ತಾರೆಯೇ, ಕೇಳಿದರೆ ಯಾವ ಭಾಷೆಯಲ್ಲಿ, ಅದಕ್ಕೆ ಉತ್ತರ ಸಿಗುತ್ತದೆಯೇ ಅಥವಾ ‘ಟಾಕ್ ಇನ್ ಇಂಗ್ಲಿಷ್’ ಎಂಬ ಗದರಿಕೆ ಸಿಗುತ್ತದೆಯೇ ಎಂದು ನೋಡಿ. ಪಾಠ ಮುಗಿದ ಮೇಲೆ ಮೊದಲ ಬೆಂಚಿನ ಮಗುವನ್ನಲ್ಲ, ಕಿಟಕಿಯ ಪಕ್ಕದ ಮಗುವನ್ನು ಕರೆದು, ಈಗ ಓದಿದ ಪುಟದಲ್ಲಿ ಏನಿದೆಯೆಂದು ಅದರದೇ ಮಾತಿನಲ್ಲಿ, ಅದಕ್ಕೆ ಇಷ್ಟವಾದ ಭಾಷೆಯಲ್ಲಿ ಹೇಳಲು ಕೇಳಿ. ಅದು ಹೇಳತೊಡಗಿದರೆ ದಾಖಲಾತಿಯ ಅರ್ಜಿ ತೆಗೆದುಕೊಳ್ಳಬಹುದು.